ಫಾರ್ಮ್‌ಹೌಸ್ ಕೆರೆ, ತೋಟದ ಕಟ್ಟೆ: ಯಾರದ್ದು, ಎಷ್ಟು ಭದ್ರ? ಪದೇ ಪದೇ ಕೇಳುವ ಪ್ರಶ್ನೆಗಳು

ಕನಕಪುರ ರಸ್ತೆ, ನೆಲಮಂಗಲ, ದೊಡ್ಡಬಳ್ಳಾಪುರ, ಆನೇಕಲ್ ಕಡೆ ತೋಟ ತೆಗೆದುಕೊಂಡ ಬೆಂಗಳೂರಿನವರಿಗೆ ಒಂದು ಆಸೆ ಇದ್ದೇ ಇರುತ್ತದೆ. ತಗ್ಗಿನಲ್ಲಿ ಮಣ್ಣಿನ ಏರಿ ಹಾಕಿಸಿ, ನೀರು ನಿಲ್ಲಿಸಿ, ದಂಡೆಯಲ್ಲಿ ಕೂರಬೇಕು. ಮೀನು ಬಿಡಬೇಕು. ಮಕ್ಕಳಿಗೆ ಒಂದು ಸಣ್ಣ ದೋಣಿ ಇರಬೇಕು. ಒಳ್ಳೆಯ ಆಸೆಯೇ. ಆದರೆ ಜೆಸಿಬಿ ಬಾಡಿಗೆ ಬಿಟ್ಟು ಬೇರೆ ಲೆಕ್ಕ ಹಾಕುವವರು ಕಡಿಮೆ. ಏರಿಯ ಕೆಳಗೆ ಯಾರ ಮನೆ ಇದೆ, ಯಾರ ಹೊಲ ಇದೆ ಎಂದು ನೋಡುವವರು ಇನ್ನೂ ಕಡಿಮೆ. ಈ ಪ್ರಶ್ನೋತ್ತರ ಬರೆದಿರುವುದು ಮುಖ್ಯವಾಗಿ ಆ ಕೆಳಗಿನವರ ಸಲುವಾಗಿ.

ನಮ್ಮದು ಬರೀ ಹತ್ತು ಅಡಿ ಏರಿ. ಇದನ್ನೂ ಅಣೆಕಟ್ಟು ಅಂತಾರಾ?

ಕಾನೂನಿನ ಲೆಕ್ಕದಲ್ಲಿ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದವಕ್ಕೆ. 10ರಿಂದ 15 ಮೀಟರ್ ಒಳಗಿದ್ದರೆ ಉದ್ದ 500 ಮೀಟರ್ ಮುಟ್ಟಬೇಕು, ಅಥವಾ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಅಥವಾ ಪ್ರವಾಹ, ತಳಪಾಯ, ವಿನ್ಯಾಸಕ್ಕೆ ಸಂಬಂಧಿಸಿದ ಇನ್ನು ಕೆಲವು ಷರತ್ತುಗಳಲ್ಲಿ ಒಂದಕ್ಕೆ ಸೇರಬೇಕು. ನಿಮ್ಮ ಹತ್ತು ಅಡಿ ಅಂದರೆ ಮೂರು ಮೀಟರ್.

ನೀರಿನ ಲೆಕ್ಕ ಬೇರೆ. ಒಂದು ಎಕರೆಯಲ್ಲಿ ಸರಾಸರಿ ಒಂದು ಮೀಟರ್ ನೀರು ನಿಂತರೆ ಅದು ಸುಮಾರು 40 ಲಕ್ಷ ಲೀಟರ್. ತೂಕ 4,000 ಟನ್. ನಮ್ಮ ಊರಿನ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 650ಕ್ಕೂ ಹೆಚ್ಚು ಲೋಡು. ಏರಿ ಒಡೆದರೆ ಅಷ್ಟೂ ನೀರು ಸ್ವಲ್ಪ ಹೊತ್ತಿನಲ್ಲೇ ಕೆಳಗಿಳಿಯುತ್ತದೆ.

ಅಮೆರಿಕದ ಜಾರ್ಜಿಯಾದಲ್ಲಿ ಟಕೋವಾ ಎಂಬ ಊರಿದೆ. ಅಲ್ಲಿನ ಕೆಲ್ಲಿ ಬಾರ್ನ್ಸ್ ಕಟ್ಟೆ ಸುಮಾರು 12 ಮೀಟರ್ ಎತ್ತರದ ಖಾಸಗಿ ಮಣ್ಣಿನ ಕಟ್ಟೆ. ಮೊದಲು ವಿದ್ಯುತ್ತಿಗೆಂದು ಕಟ್ಟಿದ್ದು, ಆಮೇಲೆ ಬರೀ ವಿಹಾರದ ಕೆರೆಯಾಗಿ ಉಳಿದಿತ್ತು. 1977ರ ನವೆಂಬರ್ 6ರ ನಡುರಾತ್ರಿ ದಾಟಿದ ಮೇಲೆ ಒಡೆಯಿತು. ಕೆಳಗಿದ್ದ ಕಾಲೇಜು ಕ್ಯಾಂಪಸ್‌ನಲ್ಲಿ 39 ಜನ ಸತ್ತರು.

ಕಾಯ್ದೆ ಅನ್ವಯಿಸುವುದಿಲ್ಲ ಅಂದಮೇಲೆ ಹೊಣೆಯೂ ಇಲ್ಲ ಅಲ್ವಾ?

ಹೊಣೆ ಇದೆ. ಸರ್ಕಾರದ ತಪಾಸಣೆ ಇಲ್ಲ ಅಂದರೆ ನೋಡಿಕೊಳ್ಳುವ ಪೂರ್ತಿ ಭಾರ ನಿಮ್ಮ ಮೇಲೆ ಬಿತ್ತು ಅಂತಲೇ ಅರ್ಥ.

ಈ ವಿಷಯದ ಮೂಲ ತೀರ್ಪು ಬಂದದ್ದೇ ಖಾಸಗಿ ಕೆರೆಯೊಂದರಿಂದ. ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕ ನುರಿತವರನ್ನೇ ಕರೆಸಿ ತನ್ನ ಜಾಗದಲ್ಲಿ ಕೆರೆ ಕಟ್ಟಿಸಿದ. ತಳದಲ್ಲಿ ಹಳೆಯ ಗಣಿಯ ಬಾಯಿಗಳಿದ್ದವು. ನೀರು ಅವುಗಳ ಮೂಲಕ ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಮಾಲೀಕನ ಸ್ವಂತ ತಪ್ಪೇನೂ ಇರಲಿಲ್ಲ. ಆದರೂ 1868ರಲ್ಲಿ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಮೊಕದ್ದಮೆಯಲ್ಲಿ ನಷ್ಟ ಅವನೇ ಕಟ್ಟಿಕೊಡಬೇಕು ಎಂದು ತೀರ್ಪಾಯಿತು. ತಪ್ಪಿಸಿಕೊಂಡರೆ ಹಾನಿ ಮಾಡುವಂಥದ್ದನ್ನು ನಿಮ್ಮ ಜಾಗದಲ್ಲಿ ತಂದು ಕೂಡಿಟ್ಟರೆ, ಹಾನಿಯೂ ನಿಮ್ಮದೇ.

ನಮ್ಮ ಕಡೆಯ ಒಂದು ಹಳೆಯ ಮೊಕದ್ದಮೆ ಇದಕ್ಕಿಂತ ಹತ್ತಿರದ್ದು. ಕಾರ್ವೇಟಿನಗರ ಈಗಿನ ಆಂಧ್ರದ ಚಿತ್ತೂರು ಸೀಮೆಗೆ ಸೇರಿದ್ದು. ಅಲ್ಲಿನ ಜಮೀನ್ದಾರನ ಕೆರೆಗಳು ಜೋರು ಮಳೆಗೆ ಒಡೆದು ಮದ್ರಾಸ್ ರೈಲ್ವೆಯ ಸೇತುವೆಗಳು ಕೊಚ್ಚಿಹೋದವು. 1874ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಜಮೀನ್ದಾರನ ಪರ ತೀರ್ಪು ಕೊಟ್ಟಿತು. ಕಾರಣ ಗಮನಿಸಿ. ಅವು ತಲೆತಲಾಂತರದ ಕೆರೆಗಳು. ಜನರ ಬೇಸಾಯ ಅವನ್ನೇ ನಂಬಿತ್ತು. ಬೇಡ ಅಂತ ಮುಚ್ಚುವ ಹಕ್ಕು ಜಮೀನ್ದಾರನಿಗೂ ಇರಲಿಲ್ಲ, ಕಾಪಾಡುವುದು ಅವನ ಕರ್ತವ್ಯ. ಅವನ ಕಡೆಯಿಂದ ನಿರ್ಲಕ್ಷ್ಯವೂ ಕಾಣಲಿಲ್ಲ. ಇದನ್ನು ಓದಿ ನಾವೂ ಬಚಾವ್ ಅಂದುಕೊಳ್ಳಬೇಡಿ. ನಿಮ್ಮ ಕಟ್ಟೆಯನ್ನು ಊರು ಕೇಳಿರಲಿಲ್ಲ. ನಿಮ್ಮ ಖುಷಿಗೆ ಕಟ್ಟಿದ್ದು, ಯಾವಾಗ ಬೇಕಾದರೂ ಖಾಲಿ ಮಾಡಬಹುದು. ಕೋರ್ಟಿನ ಮುಂದೆ ಈ ವ್ಯತ್ಯಾಸ ದೊಡ್ಡದು.

ಸುಪ್ರೀಂ ಕೋರ್ಟ್ ಕೂಡ 1964ರಲ್ಲಿ, ಪಂಜಾಬ್ ಸರ್ಕಾರದ ಕಾಲುವೆಯೊಂದು ಒಡೆದ ಮೊಕದ್ದಮೆಯಲ್ಲಿ, ಸರಿಯಾಗಿ ನೋಡಿಕೊಂಡ ಕಾಲುವೆ ಸುಮ್ಮನೆ ಒಡೆಯುವುದಿಲ್ಲ, ಒಡೆದಿರುವುದೇ ನಿರ್ಲಕ್ಷ್ಯದ ಗುರುತು ಎಂಬ ನಿಲುವು ತಳೆಯಿತು. ಅಂದರೆ ನಾವು ಚೆನ್ನಾಗಿಯೇ ನೋಡಿಕೊಂಡಿದ್ದೆವು ಎಂದು ತೋರಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ನಿರ್ಲಕ್ಷ್ಯದಿಂದ ಸಾವು ಸಾಬೀತಾದರೆ ಐದು ವರ್ಷದವರೆಗೆ ಜೈಲು.

ಹಿಂದೆಂದೂ ಕಾಣದ ಮಳೆ ಬಂದರೆ ನಾವೇನು ಮಾಡಲಾಗುತ್ತದೆ? ದೇವರ ಆಟ ಅಲ್ವಾ?

ಈ ವಾದ ಒಮ್ಮೆ ಗೆದ್ದಿದೆ, ಇನ್ನೊಮ್ಮೆ ಸೋತಿದೆ. ಎರಡೂ ವಿಹಾರದ ಕೊಳಗಳೇ. ಇಂಗ್ಲೆಂಡಿನ ಚೆಷೈರ್‌ನಲ್ಲಿ ತೊರೆಗೆ ಕಟ್ಟೆ ಹಾಕಿ ಅಲಂಕಾರಕ್ಕೆ ಕೊಳಗಳನ್ನು ಮಾಡಿದ್ದರು. ಮಳೆಗೆ ಅವು ಒಡೆದು ಸೇತುವೆಗಳು ಹೋದವು. 1876ರಲ್ಲಿ ಕೋರ್ಟು ದೈವಕೃತ ಎಂದು ಮಾಲೀಕರನ್ನು ಬಿಟ್ಟಿತು. ಆದರೆ 1917ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ ಊರಿನ ಮೊಕದ್ದಮೆಯಲ್ಲಿ ಈ ವಾದ ನಡೆಯಲಿಲ್ಲ. ಅಲ್ಲಿ ಮಕ್ಕಳು ಆಡಲಿ ಎಂದು ತೊರೆಯ ಪಾತ್ರದಲ್ಲೇ ಕೊಳ ಕಟ್ಟಿದ್ದರು. ಹರಿಯುವ ನೀರಿಗೆ ಅಡ್ಡ ಹಾಕಿದವರು, ಮೊದಲು ಹೇಗೆ ಹರಿಯುತ್ತಿತ್ತೋ ಹಾಗೆ ಸಲೀಸಾಗಿ ಹರಿದುಹೋಗುವ ವ್ಯವಸ್ಥೆ ಮಾಡಲೇಬೇಕು ಎಂದು ತೀರ್ಪಾಯಿತು.

ಬೆಂಗಳೂರಿನಲ್ಲಿ 2024ರ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಬಿತ್ತು. 2022ರ ಸೆಪ್ಟೆಂಬರ್‌ನ ನೆರೆ ಎಲ್ಲರಿಗೂ ನೆನಪಿದೆ. ಇಂಥ ಮಳೆ ಬರುತ್ತದೆ ಅಂತ ಗೊತ್ತಿರಲಿಲ್ಲ ಎಂದು ಇನ್ನು ಮುಂದೆ ಯಾರೂ ಹೇಳುವ ಹಾಗಿಲ್ಲ.

ಜಾಗ ನನ್ನ ಹೆಸರಿನಲ್ಲಿದೆ. ಹಾಗಾದರೆ ಕಟ್ಟೆಯೂ ನೀರೂ ನನ್ನದೇ ತಾನೆ?

ಪಹಣಿ ಒಂದನ್ನೇ ನೋಡಿ ಹೇಳಲಾಗದು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ನದಿ, ಹಳ್ಳ, ಕೆರೆ, ಕಾಲುವೆ, ಅವುಗಳ ತಳ ಎಲ್ಲ ಸರ್ಕಾರದ್ದು. ಬೇರೆಯವರ ಹಕ್ಕು ಸಾಬೀತಾಗಿದ್ದರೆ ಮಾತ್ರ ಬೇರೆ ಮಾತು. ನಿಮ್ಮ ಸರ್ವೆ ನಂಬರಿನ ಒಳಗೇ ಖರಾಬು ಇರಬಹುದು. ‘ಎ’ ಖರಾಬು ಅಂದರೆ ಕಲ್ಲುಬಂಡೆಯಂಥ ಬೇಸಾಯಕ್ಕೆ ಬಾರದ ಜಾಗ. ‘ಬಿ’ ಖರಾಬು ಅಂದರೆ ದಾರಿ, ಹಳ್ಳ, ಕುಂಟೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಹಳೆಯ ಕುಂಟೆಯ ಏರಿಯನ್ನೇ ಎತ್ತರಿಸಿ ‘ಲೇಕ್ ವ್ಯೂ’ ಎಂದು ಮಾರುವುದನ್ನು ಕಂಡಿದ್ದೇವೆ. ಅಲ್ಲಿ ನೀವು ಹಣ ಕೊಟ್ಟು ಕೊಂಡಿರುವುದು ನೋಟ ಮಾತ್ರ, ಕೆರೆಯನ್ನಲ್ಲ.

ಕೊಳ್ಳುವ ಮೊದಲು ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಹಳ್ಳದ ಗೆರೆ ಎಲ್ಲಿ ಹೋಗುತ್ತದೆ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದಲ್ಲೇ ಸರ್ವೆ ನಂಬರ್ ಸಿಗುತ್ತದೆ, ಅದನ್ನೂ ಹೋಲಿಸಿ. ಆಮೇಲೆ ಸರ್ವೆಯರ್ ಕರೆಸಿ ಹದ್ದುಬಸ್ತು, ಅಂದರೆ ಗಡಿ ಅಳತೆ, ಮಾಡಿಸಿ. ಕೆರೆ, ರಾಜಕಾಲುವೆಯಿಂದ ಎಷ್ಟು ಜಾಗ ಬಿಡಬೇಕು ಎಂಬ ನಿಯಮ ಬದಲಾಗುತ್ತಾ ಬಂದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ನೀವು ಕಟ್ಟುವ ದಿನ ಜಾರಿಯಲ್ಲಿರುವ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ತೆಗೆದುಕೊಳ್ಳಿ.

ತೋಟದಲ್ಲಿ ಹರಿಯುವ ಹಳ್ಳಕ್ಕೆ ಅಡ್ಡ ಏರಿ ಹಾಕಬಹುದಾ?

ನಿಮ್ಮಷ್ಟಕ್ಕೆ ಹಾಕುವಂತಿಲ್ಲ. ಬೆಂಗಳೂರಿನ ಸುತ್ತ ಒಂದು ಕೆರೆಯ ಕೋಡಿ (ತುಂಬಿದ ಮೇಲೆ ಹೆಚ್ಚಿನ ನೀರು ಹೊರಹೋಗುವ ದಾರಿ) ನೀರೇ ಮುಂದಿನ ಕೆರೆಗೆ ಆಧಾರ. ನಡುವೆ ಅಡ್ಡ ಹಾಕಿದರೆ ಕೆಳಗಿನ ಊರಿನ ಕೆರೆ ಒಣಗುತ್ತದೆ. ನನ್ನ ಸಲಹೆ ಕೇಳಿದರೆ, ಹಳ್ಳದ ಪಾತ್ರ ಬಿಟ್ಟು ಪಕ್ಕದ ಸಮತಟ್ಟು ಜಾಗದಲ್ಲಿ ನೆಲ ಅಗೆದು ಕುಂಟೆ ಮಾಡಿಸಿ. ನೆಲಮಟ್ಟಕ್ಕಿಂತ ಕೆಳಗಿರುವ ನೀರಿಗೆ ಒಡೆಯಲು ಏರಿಯೇ ಇರುವುದಿಲ್ಲ. ನೋಟ ಸ್ವಲ್ಪ ಕಡಿಮೆಯಾಗಬಹುದು, ನಿದ್ದೆ ಚೆನ್ನಾಗಿ ಬರುತ್ತದೆ.

ಕೋಡಿ ಎಷ್ಟು ಅಗಲ ಇರಬೇಕು?

ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೇಳುವುದು ಮಾತ್ರ ಕೊನೆಗೆ.

ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್. ನಿಮ್ಮ ಕಟ್ಟೆಗೆ 50 ಎಕರೆಯ ನೀರು ಇಳಿದು ಬರುತ್ತದೆ ಅಂದುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ ಒಟ್ಟು ಒಂದು ಕೋಟಿ ಲೀಟರ್. ಅರ್ಧ ನೆಲಕ್ಕೆ ಇಂಗಿದರೂ 50 ಲಕ್ಷ ಲೀಟರ್ ಕಟ್ಟೆಗೆ ಬರುತ್ತದೆ, ಸೆಕೆಂಡಿಗೆ ಸುಮಾರು 1,400 ಲೀಟರ್. ಕಟ್ಟೆ ಮೊದಲೇ ತುಂಬಿದ್ದರೆ ಅಷ್ಟೂ ಕೋಡಿಯಲ್ಲೇ ಹೋಗಬೇಕು. ಕೋಡಿಯ ಮೇಲೆ ಒಂದು ಅಡಿ ಆಳ ಹರಿದರೆ, ಒಂದು ಮೀಟರ್ ಅಗಲದಲ್ಲಿ ಸೆಕೆಂಡಿಗೆ ಹೋಗುವುದು 280 ಲೀಟರ್ ಆಸುಪಾಸು. ಅಂದರೆ ಕಡಿಮೆ ಅಂದರೂ ಐದು ಮೀಟರ್ ಅಗಲ ಬೇಕು. ಮಳೆ ಗಂಟೆಯುದ್ದಕ್ಕೂ ಒಂದೇ ಸಮ ಬೀಳುವುದಿಲ್ಲ, ಜೋರಾದ ಹದಿನೈದು ನಿಮಿಷಕ್ಕೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಈಗ ನಿಮ್ಮ ತೋಟದಲ್ಲಿ ಹಾಕಿರುವ ಒಂಬತ್ತು ಇಂಚಿನ ಪೈಪು ನೆನಪಿಸಿಕೊಳ್ಳಿ. ಅದು ಕೋಡಿ ಅಲ್ಲ.

ಕೋಡಿ ಏರಿಯ ಮಣ್ಣಿನ ಮೇಲೆ ಇರಬಾರದು. ಒಂದು ಬದಿಯಲ್ಲಿ, ಅಗೆಯದ ಗಟ್ಟಿ ನೆಲದಲ್ಲಿ ಇರಬೇಕು. ಕೋಡಿ ಪೂರ್ತಿ ಹರಿಯುವಾಗಲೂ ಏರಿಯ ನೆತ್ತಿ ನೀರಿಗಿಂತ ಎರಡು ಮೂರು ಅಡಿ ಮೇಲಿರಬೇಕು. ಹೊಸ ಏರಿಯ ಮಣ್ಣು ಕೂರುತ್ತದೆ. ಎತ್ತರ ಜಾಸ್ತಿ ಇರುವ ನಡುಭಾಗದಲ್ಲೇ ಹೆಚ್ಚು ಕೂರುತ್ತದೆ. ಹಾಗಾಗಿ ಕಟ್ಟುವಾಗಲೇ ನಡುವೆ ಸ್ವಲ್ಪ ಉಬ್ಬು ಕೊಡಬೇಕು. ಇಲ್ಲದಿದ್ದರೆ ನೀರು ಮೊದಲು ಉಕ್ಕುವುದು ಅಲ್ಲೇ. ಮಣ್ಣಿನ ಏರಿಯ ಮೇಲೆ ನೀರು ಹರಿಯಿತು ಅಂದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕಟ್ಟೆ ನಿಮ್ಮ ಕಟ್ಟೆಯ ಹಾಗೆಯೇ ಮೋಜಿಗೆ ಇಟ್ಟುಕೊಂಡದ್ದು. ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿನ ಆಸ್ತಿ. ಗಾಡಿ ಓಡಾಡಲಿ ಎಂದು ಏರಿಯ ನೆತ್ತಿ ತಗ್ಗಿಸಿದ್ದರು. ಮೀನು ಹೋಗದಿರಲಿ ಎಂದು ಕೋಡಿಗೆ ಜಾಲರಿ ಹಾಕಿದ್ದರು. ತಳದ ನೀರು ಬಿಡುವ ಕೊಳವೆಗಳನ್ನು ಹಿಂದಿನ ಮಾಲೀಕರೇ ಕಿತ್ತಿದ್ದರು, ಇವರು ಮತ್ತೆ ಹಾಕಿಸಲಿಲ್ಲ. 1889ರ ಮೇ 31ರಂದು ಮಳೆ ಬಂದಾಗ ಜಾಲರಿಗೆ ಕಸ ಕಟ್ಟಿಕೊಂಡಿತು, ನೀರು ಏರಿ ಮೇಲೆ ಹರಿಯಿತು. ಕೆಳಗಿನ ಜಾನ್ಸ್‌ಟೌನ್ ಊರು ಕೊಚ್ಚಿಹೋಗಿ 2,200ಕ್ಕೂ ಹೆಚ್ಚು ಜನ ಸತ್ತರು. ಕ್ಲಬ್ಬಿನಿಂದ ಕೋರ್ಟಿನ ಮೂಲಕ ಯಾರಿಗೂ ಪರಿಹಾರ ಸಿಗಲಿಲ್ಲ. 2006ರ ಮಾರ್ಚ್ 14ರಂದು ಹವಾಯಿಯ ಕಾ ಲೋಕೋ ಎಂಬ ಖಾಸಗಿ ಕಟ್ಟೆ ಒಡೆದು ಏಳು ಜನ ಸತ್ತರು. ಅಲ್ಲಿ ಕೋಡಿ ಇರಬೇಕಾದ ಕಡೆ ಮಣ್ಣು ತುಂಬಿತ್ತು.

ಆದ್ದರಿಂದ ಕೋಡಿಗೆ ಮೀನಿನ ಬಲೆ ಕಟ್ಟಬೇಡಿ. ಇನ್ನೊಂದು ಅಡಿ ನೀರು ನಿಲ್ಲಲಿ ಎಂದು ಮರಳಿನ ಚೀಲ ಅಡ್ಡ ಇಡಬೇಡಿ. ಮೇಲ್ಗಡೆ ಹೊಸ ಲೇಔಟ್ ಬಂದು ಕಾಂಕ್ರೀಟ್ ರಸ್ತೆ ಆದರೆ ನೀರು ಇಂಗುವುದು ಕಡಿಮೆಯಾಗುತ್ತದೆ, ಕೋಡಿಯ ಲೆಕ್ಕ ಮತ್ತೆ ಹಾಕಿಸಿ.

ಏರಿಯ ಹಿಂಬದಿ ಬುಡದಲ್ಲಿ ಒದ್ದೆ ಕಾಣುತ್ತಿದೆ. ಹೆದರಬೇಕಾ?

ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿಯಿರಿ. ಬಿಸಿಲಿಗೆ ಎತ್ತಿ ನೋಡಿ. ಆಮೇಲೆ ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರು ತಿಳಿಯಾಗಿದ್ದು, ತಳದಲ್ಲಿ ಏನೂ ಕೂರದಿದ್ದರೆ ಅದು ಬರೀ ಜಿನುಗು. ಎಲ್ಲ ಮಣ್ಣಿನ ಏರಿಯೂ ಒಂದಿಷ್ಟು ಜಿನುಗುತ್ತದೆ. ಜಾಗಕ್ಕೆ ಗೂಟ ಹೊಡೆದು, ಒಂದು ಬಾಟಲಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದಿಡಿ. ಮುಂದಿನ ವಾರ ಮತ್ತೆ ಅಳೆಯಿರಿ.

ಲೋಟದ ತಳದಲ್ಲಿ ಮಣ್ಣು ಕೂತರೆ ವಿಷಯ ಬೇರೆ. ಏರಿಯ ಒಳಗಿನ ಮಣ್ಣು ನೀರಿನ ಜೊತೆ ಹೊರಗೆ ಬರುತ್ತಿದೆ. ಹಿಂಬದಿಯಲ್ಲಿ ಶುರುವಾದ ಸಣ್ಣ ತೂತು ನೀರಿನ ಕಡೆಗೆ ಕೊರೆಯುತ್ತಾ ಹೋಗುತ್ತದೆ. 1976ರ ಜೂನ್ 5ರಂದು ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ ಬೆಳಗ್ಗೆ ಕೆಸರು ನೀರು ಕಂಡಿತು, ಮಧ್ಯಾಹ್ನ 12ರೊಳಗೆ ಕಟ್ಟೆಯೇ ಹೋಯಿತು. ಅದು 90 ಮೀಟರ್ ದಾಟಿದ ದೊಡ್ಡ ಅಣೆಕಟ್ಟು.

ಇಂಥ ಹೊತ್ತಿನಲ್ಲಿ ಜನ ಮಾಡುವ ತಪ್ಪು ಅಂದರೆ ಹಿಂಬದಿಯ ತೂತಿಗೆ ಜೇಡಿಮಣ್ಣು ತುರುಕುವುದು. ಒಳಗಿನ ಒತ್ತಡ ಇನ್ನೊಂದು ಕಡೆ ದಾರಿ ಹುಡುಕುತ್ತದೆ. ನೀರು ಬರಲಿ, ಮಣ್ಣು ಬರದಿರಲಿ. ಅದಕ್ಕೆ ಜಿನುಗಿನ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ. ಜೊತೆಗೇ ಪಂಪ್ ಹಾಕಿ ನೀರಿನ ಮಟ್ಟ ಇಳಿಸಿ.

ಏರಿಯ ಮೂಲಕ ಪೈಪ್ ಹಾಯಿಸಬಹುದಾ?

ತೂಬು ಬೇಕೇ ಬೇಕು, ನೀರು ಇಳಿಸುವ ದಾರಿ ಇಲ್ಲದ ಕಟ್ಟೆ ಅಪಾಯ. ಆದರೆ ಕಟ್ಟಿದ ಏರಿಯನ್ನು ಆಮೇಲೆ ಅಗೆದು ಪಿವಿಸಿ ಪೈಪ್ ತೂರಿಸಿ ಮಣ್ಣು ಮುಚ್ಚುವುದು ಬೇಡ. ಪೈಪಿನ ಹೊರಮೈಗೂ ಮಣ್ಣಿಗೂ ನಡುವೆ ಸಂದು ಉಳಿಯುತ್ತದೆ, ನೀರು ಅದನ್ನೇ ಹಿಡಿದು ಬರುತ್ತದೆ. ಈಗಾಗಲೇ ಏರಿ ಇದ್ದರೆ ಅದರ ಮೇಲಿಂದ ಸೈಫನ್ ಪೈಪ್ ಹಾಕುವುದು ವಾಸಿ.

ಏರಿ ಮೇಲೆ ತೆಂಗು, ಹೊಂಗೆ ಹಾಕಿದರೆ ಮಣ್ಣು ಹಿಡಿದುಕೊಳ್ಳುತ್ತದೆ ಅಂತಾರೆ?

ಹುಲ್ಲು ಹಿಡಿದುಕೊಳ್ಳುತ್ತದೆ, ಮರ ಅಲ್ಲ. ಗರಿಕೆ ಬೆಳೆಸಿ, ಗಿಡ್ಡಕ್ಕೆ ಕತ್ತರಿಸಿ. ಮರ ಗಾಳಿಗೆ ಬುಡಸಮೇತ ಬಿದ್ದರೆ ಏರಿಯ ಒಂದು ಭಾಗವನ್ನೇ ಕಿತ್ತುಕೊಂಡು ಹೋಗುತ್ತದೆ. ಕಡಿದರೂ ಬೇರು ಕೊಳೆತು ಕೊಳವೆ ಉಳಿಯುತ್ತದೆ. ಈಗಾಗಲೇ ದೊಡ್ಡ ಮರ ಇದ್ದರೆ ಬೇಸಿಗೆಯಲ್ಲಿ, ನೀರು ಇಳಿದಾಗ, ಬೇರು ಸಮೇತ ತೆಗೆಸಿ ಗುಂಡಿಗೆ ಮಣ್ಣು ತುಂಬಿ ಪದರ ಪದರವಾಗಿ ದಮ್ಮಸು ಮಾಡಿಸಿ, ಅಂದರೆ ಒತ್ತಿ ಗಟ್ಟಿ ಮಾಡಿಸಿ. ಏಡಿ, ಹೆಗ್ಗಣದ ಬಿಲ, ಗೆದ್ದಲಿನ ಹುತ್ತ ಇವೂ ಹಾಗೆಯೇ. ಹುಲ್ಲು ಎತ್ತರ ಬೆಳೆದರೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ.

ಹೊಸದಾಗಿ ಕಟ್ಟಿಸುವಾಗ ಏನು ನೋಡಬೇಕು?

ಜೆಸಿಬಿ ಬಕೆಟ್‌ನಲ್ಲಿ ತಟ್ಟುವುದು ದಮ್ಮಸು ಅಲ್ಲ. ಮಣ್ಣನ್ನು ಒಂದು ಅಡಿಗಿಂತ ಕಡಿಮೆ ದಪ್ಪ ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಆಮೇಲೆ ಮುಂದಿನ ಪದರ. ಹದ ನೋಡಲು ಒಂದು ಹಿಡಿ ಮಣ್ಣು ಹಿಸುಕಿ. ಮುದ್ದೆಯ ಹಾಗೆ ಉಂಡೆ ನಿಲ್ಲಬೇಕು, ಅಂಗೈಗೆ ಕೆಸರು ಅಂಟಬಾರದು. ಪುಡಿಯಾದರೆ ನೀರು ಸಾಲದು. ಏರಿಯ ಬುಡದ ಮೇಲ್ಮಣ್ಣು, ಬೇರು, ಹುಲ್ಲು ಪೂರ್ತಿ ಕೆರೆದು ತೆಗೆದು, ನಡುವೆ ಗಟ್ಟಿ ನೆಲ ಸಿಗುವವರೆಗೆ ಕಾಲುವೆ ತೋಡಿ ಜೇಡಿಮಣ್ಣು ತುಂಬಬೇಕು. ನೀರಿನ ಬದಿಯ ಇಳಿಜಾರು ಒಂದು ಅಡಿ ಎತ್ತರಕ್ಕೆ ಎರಡೂವರೆಯಿಂದ ಮೂರು ಅಡಿ, ಹಿಂಬದಿಗೆ ಎರಡರಿಂದ ಎರಡೂವರೆ ಅಡಿ ಇದ್ದರೆ ಸಣ್ಣ ಏರಿಗೆ ಸಾಮಾನ್ಯವಾಗಿ ಸಾಕು. ನಿಮ್ಮ ಮಣ್ಣಿಗೆ ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿದ ಎಂಜಿನಿಯರ್ ಹೇಳಬೇಕು.

ಲೇಔಟ್‌ನಲ್ಲಿ ನಾವು ಹತ್ತಾರು ಜನ ಮಾಲೀಕರು. ಏರಿ ಯಾರದ್ದು?

ಜಗಳ ಶುರುವಾಗುವುದು ಇಲ್ಲೇ. ಕ್ರಯಪತ್ರದಲ್ಲಿ ನಿಮ್ಮ ಪ್ಲಾಟ್ ಇದೆ, ಏರಿಯ ಮಾತೇ ಇಲ್ಲ. ಡೆವಲಪರ್ ಎಲ್ಲ ಮಾರಿ ಹೋಗಿರುತ್ತಾನೆ. ಏರಿ ಇರುವ ತುಂಡು ಭೂಮಿ ಯಾರ ಹೆಸರಿನಲ್ಲಿದೆ ಎಂದು ಮೊದಲು ಪಹಣಿ ತೆಗೆಸಿ ನೋಡಿ. ಅದು ಸಂಘದ ಹೆಸರಿಗೆ ಬರಬೇಕು. ಸಂಘ ನೋಂದಣಿ ಆಗಿರಬೇಕು. ಪ್ರತಿ ವರ್ಷ ಹಣ ಎತ್ತಿಡಬೇಕು. ನೀರಿನ ಪಕ್ಕದ ಪ್ಲಾಟಿನವರು ಮಾತ್ರ ಕೊಡಲಿ ಎಂಬ ವಾದ ಬಂದೇ ಬರುತ್ತದೆ. ಒಪ್ಪಬೇಡಿ, ಒಡೆದಾಗ ದಾವೆ ಸಂಘದ ಮೇಲೆ ಬರುತ್ತದೆ. ತೂಬಿನ ಕೀಲಿ ಯಾರ ಕೈಲಿ ಎಂಬುದೂ ಬರಹದಲ್ಲಿರಲಿ. ಹಿಂದೆ ಊರ ಕೆರೆಗೆ ನೀರು ಬಿಡುವ, ನೋಡಿಕೊಳ್ಳುವ ನೀರುಗಂಟಿ ಇದ್ದ. ನಿಮ್ಮ ಕಟ್ಟೆಗೂ ಹೆಸರು ಹಿಡಿದು ಕರೆಯಬಹುದಾದ ಒಬ್ಬರು ಇರಲೇಬೇಕು. ವಿಮೆ ಮಾಡಿಸುವುದಾದರೆ ಏರಿ ಒಡೆದು ಬೇರೆಯವರಿಗೆ ಆಗುವ ನಷ್ಟ ಸೇರಿದೆಯಾ ಎಂದು ಲಿಖಿತವಾಗಿ ಕೇಳಿ.

ಮಕ್ಕಳು ಈಜಬಹುದಾ, ದೋಣಿ ಬಿಡಬಹುದಾ?

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಬೇಡವೇ ಬೇಡ. ಒದ್ದೆ ಹಾಳೆಯ ಮೇಲೆ ಪಾಚಿ ಕಟ್ಟುತ್ತದೆ. ಈಜು ಬರುವ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಅಂಥ ಹೊಂಡಕ್ಕೆ ಸುತ್ತ ತಂತಿ ಬೇಲಿ, ಬೀಗದ ಗೇಟು, ನಾಲ್ಕೂ ಕಡೆ ನೀರಿನವರೆಗೆ ಗಂಟು ಹಾಕಿದ ಹಗ್ಗ ಕಟ್ಟಿ. ಪಕ್ಕದ ತೋಟದ ಕೂಲಿಯವರ ಮಕ್ಕಳೂ ಬರುತ್ತಾರೆ, ಬೋರ್ಡು ಓದಲು ಬಾರದವರು ಬರುತ್ತಾರೆ. ಬೇಲಿ ಅವರಿಗೂ ಸೇರಿದ್ದು. ದೋಣಿಯಲ್ಲಿ ಕೂತವರೆಲ್ಲ ಲೈಫ್ ಜಾಕೆಟ್ ಹಾಕಲೇಬೇಕು, ಅಳತೆಗೆ ಸರಿಯಾದದ್ದು. ತೂಬಿನ ಬಾಯಿಯ ಹತ್ತಿರ ಯಾರೂ ಹೋಗದ ಹಾಗೆ ತೇಲುವ ಹಗ್ಗ ಕಟ್ಟಿ. ಪಂಪು, ಕಾರಂಜಿ, ದೀಪ ಇದ್ದರೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಕಡಿದುಹಾಕುವ ಸ್ವಿಚ್) ಇಲ್ಲದೆ ಕರೆಂಟ್ ಕೊಡಬೇಡಿ.

ಮೇಲಿನ ಊರ ಕೆರೆ ಒಡೆದರೆ ನಮ್ಮದೂ ಹೋಗುತ್ತದಾ?

ಹೋಗಬಹುದು. 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿದ್ದು ಇದೇ ನಗರದಲ್ಲಿ. ಮೇಲಿನ ಕೆರೆ ಕೋಡಿ ಬಿದ್ದಿದೆಯಾ ಎಂದು ಮಳೆಗಾಲದಲ್ಲಿ ವಿಚಾರಿಸುತ್ತಿರಿ. ಬಿದ್ದಿದ್ದರೆ ನಿಮ್ಮ ಕಟ್ಟೆಯ ನೀರನ್ನು ಮೊದಲೇ ಇಳಿಸಿಕೊಳ್ಳಿ.

ರಾತ್ರಿ ಮಳೆಯಲ್ಲಿ ನೀರು ಏರಿಯ ನೆತ್ತಿಗೆ ಬಂದುಬಿಟ್ಟರೆ?

ಮೊದಲು ಕೆಳಗಿನವರಿಗೆ ಫೋನ್ ಮಾಡಿ. ನಂಬರುಗಳ ಪಟ್ಟಿ ಬೇಸಿಗೆಯಲ್ಲೇ ಬರೆದು ವಾಚ್‌ಮನ್ ಕೋಣೆಯ ಗೋಡೆಗೆ ಅಂಟಿಸಿರಬೇಕು. ಆಮೇಲೆ 112. ಕೋಡಿಗೆ ಕಟ್ಟಿಕೊಂಡ ಕಸವನ್ನು ದಂಡೆಯಲ್ಲಿ ನಿಂತೇ ಉದ್ದ ಕೋಲಿನಿಂದ ತೆಗೆಯಿರಿ, ನೀರಿಗಿಳಿಯಬೇಡಿ. ತೂಬು ಪೂರ್ತಿ ತೆರೆಯಿರಿ. ನೆತ್ತಿಯ ತಗ್ಗು ಜಾಗಕ್ಕೆ ಮರಳಿನ ಚೀಲ ಇಡಿ. ಏರಿಯನ್ನು ಕತ್ತರಿಸಿ ನೀರು ಬಿಡೋಣ ಎಂದು ಯಾರಾದರೂ ಗುದ್ದಲಿ ತಂದರೆ ತಡೆಯಿರಿ. ಸಣ್ಣ ಕಚ್ಚು ನಿಮಿಷಗಳಲ್ಲಿ ಅಗಲವಾಗಿ ಏರಿಯನ್ನೇ ನುಂಗುತ್ತದೆ. ಏರಿಯ ಮೇಲೆ ಉದ್ದಕ್ಕೆ ಬಿರುಕು ಕಂಡರೆ ಎಲ್ಲ ಬಿಟ್ಟು ಅಲ್ಲಿಂದ ಹೊರಡಿ.

ಈ ಕಟ್ಟೆ ನಮಗೆ ಬೇಡ ಅನಿಸಿದೆ. ಹಾಗೇ ಬಿಟ್ಟರೆ ಆಗುತ್ತದಾ?

ಬಿಟ್ಟ ಕಟ್ಟೆಯೂ ಪ್ರತಿ ಮಳೆಗಾಲ ತುಂಬುತ್ತದೆ. ಬೇಡ ಅಂದರೆ ಕ್ರಮವಾಗಿ ತೆಗೆಸಿ. ಜನವರಿಯಿಂದ ಮಾರ್ಚ್ ಒಳಗೆ ನೀರನ್ನು ನಿಧಾನಕ್ಕೆ ಇಳಿಸಿ. ಒಂದೇ ಸಲ ಖಾಲಿ ಮಾಡಿದರೆ ನೆನೆದ ಒಳಬದಿ ಜಾರಿ ಬೀಳುತ್ತದೆ. ದಿನಕ್ಕೆ ಅರ್ಧ ಅಡಿ, ಒಂದು ಅಡಿ ಸಾಕು. ಕೆಳಗಿನ ರೈತರಿಗೆ ಮೊದಲೇ ತಿಳಿಸಿದರೆ ಆ ನೀರನ್ನು ಅವರು ಹೊಲಕ್ಕೆ ತಿರುಗಿಸಿಕೊಳ್ಳುತ್ತಾರೆ, ಹೂಳನ್ನೂ ಟ್ರ್ಯಾಕ್ಟರ್‌ನಲ್ಲಿ ಒಯ್ಯುತ್ತಾರೆ. ಆಮೇಲೆ ಏರಿಯ ತಗ್ಗಿನ ಭಾಗದಲ್ಲಿ ಹಳೆಯ ನೆಲಮಟ್ಟದವರೆಗೆ ಅಗಲವಾಗಿ ಬಾಯಿ ತೆಗೆಸಿ. ಅದು ಕೋಡಿಗಿಂತ ಅಗಲ ಇರಲಿ, ಎರಡೂ ಬದಿ ಇಳಿಜಾರಾಗಿರಲಿ. ಬದಿಗೆ ಕಲ್ಲು ಹೊದಿಸಿ, ಹುಲ್ಲು ಹಚ್ಚಿ. ಈ ಕೆಲಸ ಮೇ ತಿಂಗಳ ಮೊದಲ ಗುಡುಗು ಮಳೆಗೆ ಮುಂಚೆ ಮುಗಿದಿರಬೇಕು. ಅರ್ಧ ಒಡೆದ ಏರಿ ಮಳೆಗೆ ಸಿಕ್ಕಬಾರದು.